ಮಿಶನರಿ ಕುಟುಂಬಕ್ಕೆ ಸ್ವಂತ ಸೂರು ಯಾಕಿರುವುದಿಲ್ಲ?

ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿ ಕಡೆ ಮಿಶನ್ ಕಾಂಪೌಂಡ್ ಅಂದ ಕೂಡಲೇ ಜನರಿಗೆ ನೆನಪಾಗುವುದು ಹಳೆಯ ಬಂಗಲೆ. ಎತ್ತರದ ಹಂಚಿನ ಮಾಡು, ದಪ್ಪ ಗೋಡೆ, ಉದ್ದನೆಯ ವರಾಂಡಾ, ಅಂಗಳದಲ್ಲಿ ನಾಲ್ಕಾರು ದೊಡ್ಡ ಮರ. "ಅವರಿಗೇನ್ರಿ ಕಮ್ಮಿ, ಬಂಗಲೆದಾಗ ಇರ್ತಾರ" ಎಂಬ ಮಾತು ಈ ಕಡೆ ಸಲೀಸಾಗಿ ಬರುತ್ತದೆ. ಆದರೆ ಆ ಬಂಗಲೆಯ ಒಂದು ಹಂಚೂ ಒಳಗಿರುವ ಕುಟುಂಬದ್ದಲ್ಲ. ಕೆಲಸ ಇರುವ ತನಕ ಮನೆ. ವರ್ಗವಾದರೆ, ನಿವೃತ್ತಿಯಾದರೆ, ಮನೆಯ ಯಜಮಾನ ತೀರಿಕೊಂಡರೆ ಸಾಮಾನು ಕಟ್ಟಬೇಕು.

ಮಿಶನರಿಗಳ ತ್ಯಾಗ ಅಂದರೆ ಕಾಡು, ಕಾಯಿಲೆ, ಹಸಿವು ಎಂದು ಹೇಳುವುದು ರೂಢಿ. ಅವೆಲ್ಲ ಇದ್ದವು, ಸುಳ್ಳಲ್ಲ. ಆದರೆ ಸುಮಾರು ಇನ್ನೂರು ವರ್ಷದಿಂದ ಬದಲಾಗದೆ ಉಳಿದಿರುವುದು ಮನೆಯ ಪ್ರಶ್ನೆ. ಕೆಲಸದ ಜೊತೆಗೆ ಬರುವ ಮನೆ, ಕೆಲಸದ ಜೊತೆಗೇ ಹೋಗುತ್ತದೆ. ಅದರ ಭಾರ ಜಾಸ್ತಿ ಬೀಳುವುದು 'ದೇವರ ಕರೆ ಬಂತು' ಎಂದು ಹೊರಟ ಗಂಡಿನ ಮೇಲಲ್ಲ, ಅವನ ಹಿಂದೆ ಬಂದ ಹೆಂಡತಿ ಮಕ್ಕಳ ಮೇಲೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕ್ಯಾಥೊಲಿಕ್ ಪಾದ್ರಿಗಳು, ಸಿಸ್ಟರುಗಳು ಮದುವೆಯಾಗುವುದಿಲ್ಲ. ಅವರ ವಾಸ, ಊಟ, ಮುಪ್ಪಿನ ಆರೈಕೆ ಎಲ್ಲವೂ ಅವರ ಸಂಸ್ಥೆಯ ಜವಾಬ್ದಾರಿ. ಇಲ್ಲಿ ಹೇಳುತ್ತಿರುವುದು ಪ್ರಾಟೆಸ್ಟೆಂಟ್ ಸಭೆಗಳ, ಅಂದರೆ ಚರ್ಚುಗಳ ಬಗ್ಗೆ. ಅಲ್ಲಿ ಸಭಾಪಾಲಕರಿಗೆ (ಪಾಸ್ಟರುಗಳಿಗೆ), ಸುವಾರ್ತಿಕರಿಗೆ (ಕ್ರೈಸ್ತ ಬೋಧಕರಿಗೆ) ಸಂಸಾರ ಇರುತ್ತದೆ. ಶಾಲೆಗೆ ಹೋಗುವ ಮಕ್ಕಳು, ಊರಲ್ಲಿ ಬಿಟ್ಟುಬಂದ ಅಪ್ಪ-ಅಮ್ಮ, ತಿಂಗಳ ಕೊನೆಗೆ ಕಿರಾಣಿ ಅಂಗಡಿಯ ಬಾಕಿ, ಎಲ್ಲಾ ಇರುತ್ತದೆ.

ಬಾಸೆಲ್‌ನಿಂದ ಬಂದ ನಿಯಮಗಳು

ನಮ್ಮ ಭಾಗದ ಕಥೆ ಬಾಸೆಲ್ ಮಿಶನ್‌ನಿಂದ ಶುರುವಾಗುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ ಅದು. ಬಂದವರಲ್ಲಿ ಹೆಚ್ಚಿನವರು ಜರ್ಮನರು. 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಆಗ ಈ ಕಡೆ ರೈಲಿಲ್ಲ. ಅದು ಬರಲು 1880ರ ದಶಕ ಆಗಬೇಕಾಯಿತು. ಎತ್ತಿನ ಗಾಡಿ, ಕುದುರೆ, ಇಲ್ಲವೇ ಕಾಲ್ನಡಿಗೆ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿ ಹೇಗಿರುತ್ತದೆ ಅಂತ ನವಲಗುಂದ, ನರಗುಂದ ಕಡೆಯವರಿಗೆ ಹೇಳಬೇಕಾಗಿಲ್ಲ.

ಈ ಮಿಶನ್ ತನ್ನ ಜನರನ್ನು ಬಹಳ ಬಿಗಿಯಾಗಿ ಇಟ್ಟುಕೊಂಡಿತ್ತು. ಮಿಶನರಿ ಬ್ರಹ್ಮಚಾರಿಯಾಗಿಯೇ ಹೊರಡಬೇಕು. ಇಲ್ಲಿ ಸುಮಾರು ಎರಡು ವರ್ಷ ಕೆಲಸ ಮಾಡಿದ ಮೇಲೆ ಮದುವೆಗೆ ಅರ್ಜಿ ಹಾಕಬಹುದು. ಬಾಸೆಲ್‌ನ ಸಮಿತಿ ಒಪ್ಪಬೇಕು. ಹುಡುಗಿಯೂ ಸಮಿತಿಗೆ ಒಪ್ಪಿಗೆಯಾಗಬೇಕು. ಎಷ್ಟೋ ಸಲ ವರ ಇಲ್ಲಿ, ವಧು ಅಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ಕಂಡೇ ಇರುತ್ತಿರಲಿಲ್ಲ. ನಮ್ಮಲ್ಲಿ ಕನ್ಯೆ ನೋಡಲು ಹೋದವರಿಗೆ ಅವಲಕ್ಕಿ-ಚಹಾ ಕೊಟ್ಟು ಒಮ್ಮೆ ಮುಖವಾದರೂ ತೋರಿಸುತ್ತಾರೆ. ಆ ಹುಡುಗಿಯರು ಕಾಗದದ ಮೇಲೆ ಹೂಂ ಅಂದು ಹಡಗು ಹತ್ತುತ್ತಿದ್ದರು. ಸೂಯೆಜ್ ಕಾಲುವೆ ತೆರೆದಿದ್ದೇ 1869ರಲ್ಲಿ. ಅದಕ್ಕೂ ಮೊದಲು ಆಫ್ರಿಕಾ ಸುತ್ತಿಬರುವ ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ, ಇಲ್ಲವೇ ಈಜಿಪ್ಟಿನಲ್ಲಿ ಇಳಿದು ನೆಲದ ದಾರಿ ದಾಟಿ ಇನ್ನೊಂದು ಹಡಗು ಹತ್ತಬೇಕು. ಇಳಿದ ಮೇಲೆ ಗೊತ್ತಿಲ್ಲದ ಗಂಡು, ಗೊತ್ತಿಲ್ಲದ ಭಾಷೆ, ಮಿಶನ್‌ಗೆ ಸೇರಿದ ಮನೆ.

ಮನೆ ಮಿಶನ್‌ನದು ಎಂದರೆ ಬರೀ ಗೋಡೆ-ಮಾಡು ಅಂತ ತಿಳಿಯಬೇಡಿ. ಯಾವ ಊರಲ್ಲಿ ಇರಬೇಕು, ಎಷ್ಟು ದಿನ ಇರಬೇಕು, ಇನ್ನೊಂದು ಮಿಶನರಿ ಕುಟುಂಬದ ಜೊತೆ ಅದೇ ಬಂಗಲೆ ಹಂಚಿಕೊಳ್ಳಬೇಕೇ ಎಂಬುದೂ ಮೇಲಿನವರ ಮಾತು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಅಂದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯಾದರೇನು, ಜಮಖಂಡಿಯಾದರೇನು?

ಮಕ್ಕಳ ವಿಷಯ ಎಲ್ಲಕ್ಕಿಂತ ಕಠಿಣ. ಮಗುವಿಗೆ ಆರು ವರ್ಷ ಹತ್ತಿರವಾಯಿತು ಅಂದರೆ ಯುರೋಪಿಗೆ ಕಳಿಸಬೇಕು. ಇಲ್ಲಿನ ಬಿಸಿಲು, ಜ್ವರ, ಓದಿಗೆ ಶಾಲೆ ಇಲ್ಲದಿರುವುದು ಕಾರಣ. ಮಕ್ಕಳು ಇಲ್ಲಿನವರಂತೆ ಬೆಳೆದುಬಿಡುತ್ತಾರೆ ಎಂಬ ಭಯವೂ ಇತ್ತು. 1850ರ ದಶಕದಲ್ಲಿ ಬಾಸೆಲ್‌ನಲ್ಲಿ ಇಂಥ ಮಕ್ಕಳಿಗಾಗಿಯೇ ಒಂದು ಮಕ್ಕಳ ಮನೆ ತೆರೆದರು. ತಾಯಿ ಧಾರವಾಡದಲ್ಲಿ, ಮಗ ಬಾಸೆಲ್‌ನಲ್ಲಿ. ನಡುವೆ ತಿಂಗಳಿಗೊಮ್ಮೆ ಎರಡು ತಿಂಗಳಿಗೊಮ್ಮೆ ತಲುಪುವ ಕಾಗದ. ಮತ್ತೆ ಭೇಟಿಯಾಗುವ ಹೊತ್ತಿಗೆ ಮಗನಿಗೆ ಮೀಸೆ ಬಂದಿರುತ್ತಿತ್ತು.

ಇದಕ್ಕೆ ಎಲ್ಲರಿಗೂ ಪರಿಚಯವಿರುವ ಮನೆತನದ ಉದಾಹರಣೆ ಇದೆ. ಮಲಯಾಳಂ ನಿಘಂಟು ಬರೆದ ಹರ್ಮನ್ ಗುಂಡರ್ಟ್ ಬಾಸೆಲ್ ಮಿಶನ್‌ನವರೇ. ಅವರ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ನಾಲ್ಕು ವರ್ಷದ ಆಸುಪಾಸಿನಲ್ಲಿ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆ-ತಾಯಿ ಮಲಬಾರಿಗೆ ಮರಳಿದರು. ಅವಳು ಮತ್ತೆ ಅವರ ಹತ್ತಿರ ಬಂದಿದ್ದು 1857ರಲ್ಲಿ, ಹದಿನೈದರ ಹರೆಯದಲ್ಲಿ. ಮುಂದೆ ಅವಳ ಹೊಟ್ಟೆಯಲ್ಲಿ ಹುಟ್ಟಿದವನೇ ನೊಬೆಲ್ ಪಡೆದ ಲೇಖಕ ಹರ್ಮನ್ ಹೆಸ್ಸೆ.

ಕನ್ನಡಿಗರು ದಿನವೂ ನೆನೆಯುವ ಹೆಸರುಗಳಲ್ಲೂ ಇದೇ ಕಥೆ. ಕಿಟೆಲ್ ಅಂದರೆ ನಮಗೆ 1894ರ ನಿಘಂಟು, ಧಾರವಾಡದವರಿಗೆ ಕಿಟೆಲ್ ಕಾಲೇಜು. 1853ರಲ್ಲಿ ಇಲ್ಲಿಗೆ ಬಂದ ಆ ಮನುಷ್ಯ ಮದುವೆಯಾದ ಕೆಲವೇ ವರ್ಷಗಳಲ್ಲಿ ಹೆಂಡತಿ ಪೌಲಿನ್‌ಳನ್ನು ಕಳೆದುಕೊಂಡರು. ಮುಂದೆ ಅವಳ ಸೋದರಿ ಯೂಲಿಯನ್ನು ಮದುವೆಯಾದರು. 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ ಕೂಡ ಮೊದಲ ದಿನಗಳಲ್ಲಿ ಹುಬ್ಬಳ್ಳಿ-ಧಾರವಾಡ ಕಡೆ ಓಡಾಡಿದವರು. ಅವರ ಜೊತೆಗಾರ ವೈಗಲ್ 1855ರಲ್ಲಿ ತೀರಿಕೊಂಡಾಗ ಹೆಂಡತಿ ಪೌಲಿನ್ ಮಕ್ಕಳೊಂದಿಗೆ ಉಳಿದಳು. ಅವಳನ್ನು ಮೋಗ್ಲಿಂಗ್ ಮದುವೆಯಾದರು. ಕೊಡಗಿನಲ್ಲಿ ಸಂಸಾರ ಹೂಡಿದರು. ಅವಳ ಆರೋಗ್ಯ ಕೆಟ್ಟಿತು, 1860ರಲ್ಲಿ ಇಬ್ಬರೂ ಜರ್ಮನಿಗೆ ಹೊರಟರು. ಕನ್ನಡದ ಕೆಲಸದ ಲೆಕ್ಕ ಬರೆಯುವಾಗ ಈ ಇಬ್ಬರು ಪೌಲಿನ್‌ರ ಹೆಸರು ನಾವು ಬಿಟ್ಟೇಬಿಡುತ್ತೇವೆ.

ಮನೆ ಬಿಟ್ಟು ಬಂದ ಇಲ್ಲಿನವರು

ಯುರೋಪಿನಿಂದ ಬಂದವರಿಗೆ ಕೊನೆಗೆ ಹೋಗಲು ಒಂದು ಊರಾದರೂ ಇತ್ತು. ಇಲ್ಲಿಯೇ ಕ್ರೈಸ್ತರಾದವರ ಗತಿ ಬೇರೆ. ದೀಕ್ಷಾಸ್ನಾನ ಆದ ದಿನ ಮನೆಯಿಂದ ಹೊರಗೆ, ಜಾತಿಯಿಂದ ಹೊರಗೆ, ಎಷ್ಟೋ ಸಲ ಕಸುಬಿನಿಂದಲೂ ಹೊರಗೆ. ಸುವಾರ್ತಿಕರಾಗಿ, ಶಾಲಾ ಮಾಸ್ತರರಾಗಿ ಮಿಶನ್ ಸೇರಿದ ಮೊದಲ ತಲೆಮಾರಿನ ಕನ್ನಡ ಕುಟುಂಬಗಳು ಹೆಚ್ಚಾಗಿ ಹೀಗೆ ಬಂದವು. ಮಿಶನ್ ಕಾಂಪೌಂಡಿನಲ್ಲಿ ಬಂಗಲೆಯ ಹಿಂದೆ ಸಾಲುಮನೆ ಯಾಕೆ ಬಂದವು ಎಂಬುದಕ್ಕೆ ಇದೇ ಉತ್ತರ. ಗದಗ ಹತ್ತಿರದ ಮಲ್ಲಸಮುದ್ರದಲ್ಲಿ ಜಮೀನು ತೆಗೆದುಕೊಂಡು ಒಂದು ಕ್ರೈಸ್ತ ರೈತ ವಸತಿಯನ್ನೇ ಕಟ್ಟಲು 1840ರ ದಶಕದಲ್ಲಿ ನೋಡಿದರು. ಅಂದುಕೊಂಡಂತೆ ಆಗಲಿಲ್ಲ. ಕರಾವಳಿಯಲ್ಲಿ ನೇಯ್ಗೆ, ಆಮೇಲೆ 1865ರಿಂದ ಹಂಚಿನ ಕಾರ್ಖಾನೆ ಶುರುಮಾಡಿದ್ದರ ಹಿಂದೆಯೂ ಕೆಲಸ ಕಳೆದುಕೊಂಡವರಿಗೆ ಕೆಲಸ ಕೊಡಬೇಕೆಂಬ ಲೆಕ್ಕವಿತ್ತು.

ಇಲ್ಲಿ ಸ್ವಲ್ಪ ಕಾನೂನು ನೋಡಬೇಕು. ಸುಮ್ನೆ ದಾಟಿ ಹೋದರೆ ಮನೆಯ ಪ್ರಶ್ನೆ ಅರ್ಧವೇ ಗೊತ್ತಾಗುತ್ತದೆ. ಮತ ಬದಲಿಸಿದವನು ಹಿರಿಯರ ಆಸ್ತಿಯಲ್ಲಿ ತನ್ನ ಪಾಲು ಕಳೆದುಕೊಳ್ಳುವುದಿಲ್ಲ ಎಂದು 1850ರ ಜಾತಿ ಅನರ್ಹತೆ ನಿವಾರಣಾ ಕಾಯ್ದೆ ಹೇಳಿತು. ಕಾಗದದಲ್ಲಿ ಪಾಲು ಸಿಕ್ಕಿತು. ಅದೇ ವಾಡೆಯಲ್ಲಿ ಅಣ್ಣತಮ್ಮಂದಿರ ಪಕ್ಕದಲ್ಲಿ ಇರಲು ಆಗುತ್ತದೆಯೇ ಎಂಬುದು ಬೇರೆ ಮಾತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಂ ಇನ್ನೊಂದು ಗೆರೆ ಎಳೆಯಿತು. ಮತಾಂತರದ ನಂತರ ಹುಟ್ಟಿದ ಮಕ್ಕಳು ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗುವುದಿಲ್ಲ. ಉತ್ತರಾಧಿಕಾರ ತೆರೆಯುವ ವೇಳೆಗೆ ಅವರು ಹಿಂದೂಗಳಾಗಿದ್ದರೆ ಮಾತ್ರ ವಿನಾಯಿತಿ. ಅಂದರೆ ಅಪ್ಪನಿಗೆ ಅಜ್ಜನ ಮನೆಯಲ್ಲಿ ಹಕ್ಕು ಉಂಟು. ಅಪ್ಪ ಮೊದಲೇ ತೀರಿಕೊಂಡರೆ, ಆಮೇಲೆ ಅಜ್ಜ ಹೋದಾಗ ಮೊಮ್ಮಗನಿಗೆ ಸಿಗುವುದಿಲ್ಲ. ಸುವಾರ್ತಿಕರ ಮಕ್ಕಳಲ್ಲಿ ಇದರ ಬಿಸಿ ತಾಗಿದವರಿದ್ದಾರೆ.

ಪರಿಶಿಷ್ಟ ಜಾತಿಯಿಂದ ಬಂದವರಿಗೆ ಇನ್ನೂ ಒಂದು ಪೆಟ್ಟು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇರುವುದಿಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅವರು ಪ್ರವರ್ಗ 1ರಲ್ಲಿ ಬರುತ್ತಾರೆ. ಹೀಗಾಗಿ ಅಂಬೇಡ್ಕರ್ ನಿವಾಸ ಯೋಜನೆಯಂಥ ವಸತಿ ಯೋಜನೆಯ ಸಾಲಿನಲ್ಲಿ ಅವರು ನಿಲ್ಲುವಂತಿಲ್ಲ. ಬಸವ ವಸತಿಯಂಥ ಸಾಮಾನ್ಯ ಯೋಜನೆಗೆ ಅರ್ಜಿ ಹಾಕಬಹುದು. ಅಲ್ಲಿ ಸಾಲು ಇನ್ನೂ ಉದ್ದ.

ಬಂಗಲೆ ಯಾರದ್ದು?

1914ರಲ್ಲಿ ಯುದ್ಧ ಬಂತು. ಜರ್ಮನರು ಅಂದರೆ ಶತ್ರುಗಳು. ಬೆಟಗೇರಿಯ ಆಸ್ಪತ್ರೆಗೆ ಇವತ್ತಿಗೂ ಹಿರಿಯರು 'ಜರ್ಮನ್ ದವಾಖಾನೆ' ಅನ್ನುತ್ತಾರೆ. ಆಗ ಅದೇ ಜರ್ಮನ್ ಎಂಬ ಹಣೆಪಟ್ಟಿಯಿಂದಾಗಿ ಮಿಶನರಿ ಗಂಡಸರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು. ಬಹಳ ಜನರನ್ನು, ಹೆಂಗಸರು ಮಕ್ಕಳನ್ನೂ ಸೇರಿಸಿ, ಗೋಲ್ಕೊಂಡ ಎಂಬ ಹಡಗಿನಲ್ಲಿ ವಾಪಸು ಕಳಿಸಿದರು. ಮಿಶನ್‌ನ ಆಸ್ತಿ ಸರ್ಕಾರದ ಕೈಗೆ ಹೋಯಿತು. ಕಾರ್ಖಾನೆ-ವ್ಯಾಪಾರ 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಕಂಪನಿಗೆ ಸೇರಿತು. ಹಿಂದಿನ ವಾರ ತಾವು ಚಹಾ ಕುಡಿಯುತ್ತಿದ್ದ ಮೇಜಿನ ಮೇಲೂ ಆ ಕುಟುಂಬಗಳಿಗೆ ಹಕ್ಕಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನರಿಗೆ ಮತ್ತದೇ ಶಿಬಿರವಾಸ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಹುಟ್ಟಿತು. ಮುಂಬೈ ಪ್ರಾಂತದಲ್ಲಿದ್ದ ನಮ್ಮ ಭಾಗದ ಬಾಸೆಲ್ ಮಿಶನ್ ಸಭೆಗಳು ಅದಕ್ಕೆ ಸೇರಿದ್ದು ಸ್ವಲ್ಪ ತಡವಾಗಿ. 1970ರಲ್ಲಿ ಧಾರವಾಡವನ್ನು ಕೇಂದ್ರ ಮಾಡಿಕೊಂಡು ಉತ್ತರ ಭಾಗದ ಡಯಾಸಿಸ್ (ಬಿಷಪ್ಪರ ಆಡಳಿತದ ಪ್ರಾಂತ) ಆಯಿತು. ಸಿಎಸ್‌ಐನ ಆಸ್ತಿ ನೋಡಿಕೊಳ್ಳಲೆಂದೇ ಸಿಎಸ್‌ಐ ಟ್ರಸ್ಟ್ ಅಸೋಸಿಯೇಶನ್ ಎಂಬ ನೋಂದಾಯಿತ ಕಂಪನಿ ಇದೆ. ಕಾಗದಪತ್ರ ಅದರ ಹೆಸರಿನಲ್ಲಿ. ಉಸ್ತುವಾರಿ ಡಯಾಸಿಸ್ ಮತ್ತು ಸ್ಥಳೀಯ ಸಭೆಯ ಸಮಿತಿಗೆ. ವಾಸ ಸಭಾಪಾಲಕರ ಕುಟುಂಬಕ್ಕೆ.

ಮೂರು ಕೈ ಸೇರಿದ ಮನೆಯಲ್ಲಿ ಒಂದು ನಲ್ಲಿ ಕೆಟ್ಟರೆ ಏನಾಗುತ್ತದೆ ನೋಡಿ. ಹಳೆಯ ಬಂಗಲೆಗಳ ಮಾಡು ಎತ್ತರ, ಫ್ಯಾನಿಗೆ ಮಾರುದ್ದದ ಸರಳು ಬೇಕು. ಬೇಸಿಗೆಯಲ್ಲಿ ತಂಪು, ನಿಜ. ಆದರೆ ಮಂಗಗಳು ಹಂಚು ಸರಿಸಿದರೆ ಜೂನ್ ತಿಂಗಳಲ್ಲಿ ಪಡಸಾಲೆಯಲ್ಲಿ ಬಕೆಟ್ಟು, ಪಾತ್ರೆ, ಕೊನೆಗೆ ಬೇಳೆ ಬೇಯಿಸುವ ಕುಕ್ಕರೂ ಸಾಲಾಗಿ ನಿಲ್ಲುತ್ತವೆ. ಪುಸ್ತಕದ ಕಪಾಟಿಗೆ ಗೆದ್ದಲು. ಎರೆಮಣ್ಣಿನ ಮೇಲಿನ ಗೋಡೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಕೂಡಿಕೊಂಡಂತೆ ಕಾಣುತ್ತದೆ, ಮತ್ತೆ ಬಿಡುತ್ತದೆ. ಬಚ್ಚಲು ಹಿಂದಿನ ಅಂಗಳದಲ್ಲಿ. ರಿಪೇರಿಗೆ ಸಮಿತಿಯ ಸಭೆ ಆಗಬೇಕು, ಅಂದಾಜು ಪಟ್ಟಿ ಆಗಬೇಕು, ಖಜಾಂಚಿಯ ಕೈ ಬಿಚ್ಚಬೇಕು. ಅಷ್ಟರಲ್ಲಿ ಮಳೆ ಮುಗಿದಿರುತ್ತದೆ, ಎಲ್ಲರೂ ಮರೆತಿರುತ್ತಾರೆ. ಸ್ವಂತ ದುಡ್ಡಲ್ಲಿ ಮಾಡಿಸೋಣ ಅಂದರೆ, ಬರುವ ವರ್ಷ ವರ್ಗವಾಗಿ ಹೋಗುವ ಮನೆಗೆ ಯಾರು ಖರ್ಚು ಮಾಡುತ್ತಾರೆ?

ಇನ್ನೊಂದು ತೊಂದರೆ ಹೊರಗಿನವರಿಗೆ ಕಾಣುವುದಿಲ್ಲ. ಆ ಮನೆಗೆ ಬಾಗಿಲಿದೆ, ಬೀಗವಿಲ್ಲ. ಬೆಳಿಗ್ಗೆ ಆರಕ್ಕೆ "ಅಯ್ಯನವರು ಅದಾರೇನ್ರಿ?" ಎಂದು ಶುರುವಾದರೆ ರಾತ್ರಿ ಆಸ್ಪತ್ರೆಯಿಂದ ಫೋನ್ ಬರುವ ತನಕ ನಡೆಯುತ್ತದೆ. ಮದುವೆ ಮಾತುಕತೆ, ಗಂಡ-ಹೆಂಡಿರ ಜಗಳ, ಶಾಲೆ ಸೀಟಿಗೆ ಶಿಫಾರಸು, ಎಲ್ಲಕ್ಕೂ ಅದೇ ಪಡಸಾಲೆ. ಬಂದವರಿಗೆಲ್ಲ ಚಹಾ. ಚಹಾಪುಡಿ, ಸಕ್ಕರೆ, ಹಾಲಿನ ಖರ್ಚು ಸಂಬಳದಲ್ಲೇ ಹೊಂದಬೇಕು. ಪಾಸ್ಟರಮ್ಮ ಯಾವ ಸೀರೆ ಉಟ್ಟಳು, ಮಗಳು ಯಾರ ಜೊತೆ ಮಾತಾಡಿದಳು ಎಂಬುದೂ ಸಭೆಯ ಮಾತಾಗುತ್ತದೆ. ಮನೆ ಕೊಟ್ಟಿದ್ದೇವಲ್ಲ ಎಂಬ ಧೋರಣೆ ಜನರಲ್ಲಿ ತಾನಾಗಿ ಬಂದುಬಿಡುತ್ತದೆ. ಇದು ನನಗೆ ಸರಿಕಾಣುವುದಿಲ್ಲ.

ಬಾಡಿಗೆ ಮನೆಯ ಹುಡುಕಾಟ

ಬಂಗಲೆ ಇರುವುದು ಹಳೆಯ ಸಭೆಗಳಿಗೆ ಮಾತ್ರ. ಹುಬ್ಬಳ್ಳಿಯ ಹೊಸ ಬಡಾವಣೆಗಳಲ್ಲಿ, ಹಾವೇರಿ, ರಾಣೆಬೆನ್ನೂರು, ಶಿಗ್ಗಾವಿ ಕಡೆ ಸಣ್ಣ ಸ್ವತಂತ್ರ ಸಭೆ ನಡೆಸುವವರು ಬಾಡಿಗೆ ಮನೆಯಲ್ಲೇ ಇರುತ್ತಾರೆ. ಬೇರೆ ರಾಜ್ಯದಿಂದ ಬಂದವರೂ ಇದ್ದಾರೆ. ಮಿಶನರಿ ಅಂದರೆ ಬಿಳಿಯರು ಎಂಬ ಚಿತ್ರ ಈಗ ಹಳೆಯದು. ತಿರುನೆಲ್ವೇಲಿಯಲ್ಲಿ 1903ರಲ್ಲಿ, ಸೆರಾಂಪುರದಲ್ಲಿ 1905ರಲ್ಲಿ ಭಾರತೀಯರೇ ಕಟ್ಟಿದ ಮಿಶನ್ ಸಂಘಗಳು ಹುಟ್ಟಿದವು. ಅಲ್ಲಿಂದೀಚೆಗೆ ತಮಿಳುನಾಡು, ಕೇರಳದ ಎಷ್ಟೋ ಕುಟುಂಬಗಳು ಉತ್ತರದ ಕಡೆ ಬಂದಿವೆ. ವಿದೇಶಿಯರಿಗೆ ಪ್ರತ್ಯೇಕ ಮಿಶನರಿ ವೀಸಾ ಬೇಕು, ಪ್ರವಾಸಿ ವೀಸಾದಲ್ಲಿ ಬಂದು ಬೋಧನೆ ಮಾಡುವಂತಿಲ್ಲ. 2021ರಿಂದ ಒಸಿಐ ಕಾರ್ಡಿನವರೂ (ಭಾರತ ಮೂಲದ ವಿದೇಶಿ ಪೌರರು) ಈ ಕೆಲಸಕ್ಕೆ ವಿಶೇಷ ಅನುಮತಿ ಪಡೆಯಬೇಕು.

ಬಾಡಿಗೆ ಮನೆ ಕೇಳಲು ಹೋದಾಗ ನಡೆಯುವ ಮಾತು ಹೆಚ್ಚುಕಮ್ಮಿ ಹೀಗಿರುತ್ತದೆ.

"ಎಷ್ಟ್ ಮಂದಿ ಇರ್ತೀರಿ?"

"ನಾಲ್ಕ ಮಂದಿರಿ. ನಾವಿಬ್ರು, ಎರಡು ಹುಡುಗ್ರು."

"ಏನ್ ಕೆಲಸ ಮಾಡ್ತೀರ್ರಿ ಸರ?"

"ಚರ್ಚ್ ಸೇವೆದಾಗ ಅದೇನ್ರಿ."

ಇಲ್ಲಿ ಮಾಲೀಕರು ಒಮ್ಮೆ ಒಳಗೆ ನೋಡುತ್ತಾರೆ. ಒಳಗಿಂದ ಅವರ ಮನೆಯವರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. "ನಿಮ್ಮದೇನೂ ಇಲ್ರಿ ಸರ, ನಿಮ್ಮಂಥವರು ಛಲೋ ಇರ್ತೀರಿ. ಆದ್ರ ಓಣಿ ಮಂದಿ ಏನರ ಅಂದ್ರ ನಾವು ಹೊಣೆ ಆಗ್ತೀವಿ ನೋಡ್ರಿ." ಮಾತಿನಲ್ಲಿ ಸಿಟ್ಟಿಲ್ಲ. ಮನೆ ಮಾತ್ರ ಸಿಗಲಿಲ್ಲ. ಸಿಕ್ಕ ಕಡೆಯೂ ಸಾಮಾನು ಇಳಿಸುವ ದಿನ ಒಂದು ಪರೀಕ್ಷೆ. ಟಾಟಾ ಏಸ್‌ನಿಂದ ತಿಜೋರಿ ಇಳಿಯುತ್ತದೆ, ಗ್ಯಾಸ್ ಸಿಲಿಂಡರ್ ಇಳಿಯುತ್ತದೆ, ಯಾರೂ ಏನೂ ಕೇಳುವುದಿಲ್ಲ. ಒಂದರ ಮೇಲೊಂದು ಜೋಡಿಸಿ ಕಟ್ಟಿದ ಪ್ಲಾಸ್ಟಿಕ್ ಕುರ್ಚಿಗಳು ಇಳಿಯತೊಡಗಿದಾಗ ಮಾಲೀಕರ ಕಣ್ಣು ಅಲ್ಲೇ ನಿಲ್ಲುತ್ತದೆ. ನಾಲ್ಕು ಮಂದಿಗೆ ಇಷ್ಟು ಕುರ್ಚಿ ಯಾಕೆ? ಅದರ ಹಿಂದೆಯೇ ಕೀಬೋರ್ಡು, ಸ್ಪೀಕರು ಬಂದರೆ ಮುಗಿಯಿತು.

ಮಾಲೀಕರನ್ನು ಬೈದು ಪ್ರಯೋಜನವಿಲ್ಲ. ಅವರ ಭಯಕ್ಕೆ ಕಾರಣವಿದೆ. 2021ರ ಅಕ್ಟೋಬರ್‌ನಲ್ಲಿ ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಪ್ರಾರ್ಥನಾ ಮಂದಿರವೊಂದಕ್ಕೆ ಜನ ನುಗ್ಗಿ ಭಜನೆ ಮಾಡಿದ್ದು ಎಲ್ಲಾ ಪತ್ರಿಕೆಗಳಲ್ಲೂ ಬಂತು. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂತು. ಬಲವಂತ, ಆಮಿಷ, ಮೋಸದಿಂದ ಮತಾಂತರ ಮಾಡಿದರೆ ಮೂರರಿಂದ ಐದು ವರ್ಷ, ಮಹಿಳೆಯರು, ಅಪ್ರಾಪ್ತರು, ಪರಿಶಿಷ್ಟರ ವಿಷಯದಲ್ಲಿ ಹತ್ತು ವರ್ಷದ ತನಕ ಶಿಕ್ಷೆ. ದೂರು ಕೊಡಲು ರಕ್ತಸಂಬಂಧಿಯೇ ಆಗಬೇಕಿಲ್ಲ, ಸಹೋದ್ಯೋಗಿಯೂ ಕೊಡಬಹುದು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆಯ ಪರ-ವಿರೋಧ ಏನೇ ಇರಲಿ, ಬಾಡಿಗೆಗೆ ಕೊಡುವವನ ತಲೆಯಲ್ಲಿ ಉಳಿದಿದ್ದು ಒಂದೇ: 'ನಾಳೆ ಪೊಲೀಸರು ಬಂದರೆ ನನ್ನ ಮನೆ ನಂಬರು ಬರೆದುಕೊಳ್ಳುತ್ತಾರೆ.'

ಇದರ ಕೀಲಿ ಇರುವುದು ಬಾಡಿಗೆ ಕರಾರಿನಲ್ಲಿ. ನಮ್ಮಲ್ಲಿ ಸಾಮಾನ್ಯವಾಗಿ ಹನ್ನೊಂದು ತಿಂಗಳ ಕರಾರು, ಯಾಕೆಂದರೆ ಒಂದು ವರ್ಷಕ್ಕೆ ಮೀರಿದರೆ ನೋಂದಣಿ ಕಡ್ಡಾಯ. ಅದರಲ್ಲಿ 'ವಾಸಕ್ಕೆ ಮಾತ್ರ' ಎಂಬ ಸಾಲು ಇದ್ದೇ ಇರುತ್ತದೆ. ಮನೆಯವರು ಕೂತು ಪ್ರಾರ್ಥನೆ ಮಾಡುವುದು ವಾಸದ ಒಳಗೇ ಬರುತ್ತದೆ. ಪ್ರತಿ ಭಾನುವಾರ ನಲವತ್ತು ಜನ ಸೇರಿ ಮೈಕ್ ಹಾಕಿದರೆ ಅದು ಬೇರೆ ಬಳಕೆ. ಮನೆಯೊಂದು, ಆರಾಧನೆಯ ಜಾಗವೊಂದು ಎಂದು ಬೇರೆ ಮಾಡಿದವರು ನೆಮ್ಮದಿಯಾಗಿದ್ದಾರೆ. ಎರಡು ಬಾಡಿಗೆ ಕಟ್ಟಲು ದುಡ್ಡು ಎಲ್ಲಿಂದ ಎಂಬುದು ಅಲ್ಲಿನ ತೊಡಕು. ಒಂದರಲ್ಲೇ ಎರಡೂ ನಡೆಸಿದಾಗ ಜಗಳ ಬಂದರೆ ಹೋಗುವುದು ಬರೀ ಸಭೆಯ 'ಸ್ಥಳ' ಅಲ್ಲ, ಮಕ್ಕಳು ಮಲಗುವ ಕೋಣೆಯೂ ಹೋಗುತ್ತದೆ.

ಬಾಡಿಗೆಯ ದುಡ್ಡು ಬರುವ ದಾರಿಯೂ ಕಿರಿದಾಗಿದೆ. ಹೊರದೇಶದ ನೆರವು ಪಡೆಯುವ ಸಂಸ್ಥೆಗಳು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆಯಡಿ ನೋಂದಾಯಿಸಿರಬೇಕು. 2020ರ ತಿದ್ದುಪಡಿ ಮೂರು ಬದಲಾವಣೆ ತಂದಿತು. ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಒಂದು ಸಂಸ್ಥೆ ಇನ್ನೊಂದಕ್ಕೆ ಅದನ್ನು ದಾಟಿಸುವಂತಿಲ್ಲ. ಆಡಳಿತ ಖರ್ಚಿನ ಮಿತಿ ಶೇಕಡ 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆ ಪಡೆದು ತಾಲೂಕಿನ ಸಣ್ಣ ಸಂಸ್ಥೆಗೆ ಹಂಚುವ ಪದ್ಧತಿ ಅಲ್ಲಿಗೆ ನಿಂತಿತು. ವಿದೇಶದಿಂದ ಕೋಟಿ ಕೋಟಿ ಬರುತ್ತದೆ ಎಂಬ ಕಟ್ಟೆ ಮಾತು ಕೇಳುವವರು, ಹಾವೇರಿಯ ಒಬ್ಬ ಸುವಾರ್ತಿಕನ ಹಳೆಯ ಸ್ಪ್ಲೆಂಡರ್ ಗಾಡಿಯನ್ನೊಮ್ಮೆ ನೋಡಬೇಕು. ಅಂಥವರು ಬದುಕುವುದು ಸಭೆಯ ಕಾಣಿಕೆ, ದಶಮಾಂಶದ (ಸಭೆಯವರು ಕೊಡುವ ಆದಾಯದ ಹತ್ತನೇ ಒಂದು ಪಾಲಿನ) ಮೇಲೆ. ಸಭೆಯವರು ಕೂಲಿ ಮಾಡುವವರಾದರೆ ಕಾಣಿಕೆಯೂ ಮಳೆ-ಬೆಳೆ ನೋಡಿಕೊಂಡೇ ಬರುತ್ತದೆ. ಸುಗ್ಗಿಯಲ್ಲಿ ಜೋಳದ ಚೀಲ, ಒಂದಿಷ್ಟು ಮೆಣಸಿನಕಾಯಿ. ಬರಗಾಲದಲ್ಲಿ ಪ್ರಾರ್ಥನೆ ಮಾತ್ರ.

ನೀರು, ಕಾರ್ಡು, ಶಾಲೆ

ಸಣ್ಣಪುಟ್ಟ ಸಂಗತಿಗಳೇ ಹೆಚ್ಚು ಸುಸ್ತು ಮಾಡುತ್ತವೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರಿನ ಪ್ರಯೋಗ 2008ರ ಹೊತ್ತಿಗೇ ನಡೆಯಿತು. ಉಳಿದ ಓಣಿಗಳಲ್ಲಿ ನಳ ಬರುವುದು ವಾರಕ್ಕೊಮ್ಮೆ, ಕೆಲವೊಮ್ಮೆ ಅದಕ್ಕೂ ತಡ. ಗದಗ-ಬೆಟಗೇರಿಯಲ್ಲಿ ಬೇಸಿಗೆಯಲ್ಲಿ ಕೇಳುವುದೇ ಬೇಡ. ಸ್ವಂತ ಮನೆಯವರು ನೆಲದಡಿ ಟಾಕಿ ಕಟ್ಟಿಸಿರುತ್ತಾರೆ. ಬಾಡಿಗೆಗೆ ಬಂದವರಿಗೆ ಬ್ಯಾರಲ್ಲುಗಳೇ ಗತಿ. ಹೊಸ ಊರಿಗೆ ಬಂದ ಕುಟುಂಬಕ್ಕೆ ನಳ ಯಾವ ದಿನ ಬರುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ಒಂದು ಸರದಿ ತಪ್ಪಿರುತ್ತದೆ.

ಪ್ರತಿ ವರ್ಗಾವಣೆಗೂ ಆಧಾರ್ ವಿಳಾಸ, ಮತದಾರರ ಪಟ್ಟಿ, ಗ್ಯಾಸ್ ಸಂಪರ್ಕ, ರೇಶನ್ ಕಾರ್ಡ್ ಬದಲಿಸಬೇಕು. ಗೃಹಲಕ್ಷ್ಮಿಯ 2000 ರೂಪಾಯಿ ರೇಶನ್ ಕಾರ್ಡಿನ ಯಜಮಾನಿಗೆ ಬರುತ್ತದೆ. ಕಾರ್ಡು ಅತ್ತೆಯ ಹೆಸರಿನಲ್ಲಿ ಹಳ್ಳಿಯಲ್ಲೇ ಉಳಿದಿದ್ದರೆ ಸೊಸೆಗೆ ಇಲ್ಲ. ಗೃಹಜ್ಯೋತಿಯ 200 ಯೂನಿಟ್ ಬಾಡಿಗೆದಾರರಿಗೂ ಉಂಟು. ಆದರೆ ಮೀಟರ್ ಗೃಹಬಳಕೆಯದಾಗಿರಬೇಕು. ಸಭಾಪಾಲಕರ ಮನೆಯೂ ಚರ್ಚೂ ಒಂದೇ ಮೀಟರಿನಲ್ಲಿದ್ದು, ಅದು ಬೇರೆ ದರಪಟ್ಟಿಯಲ್ಲಿದ್ದರೆ ಬಿಲ್ಲು ಪೂರ್ತಿ ಬರುತ್ತದೆ. ಹೆಸ್ಕಾಂ ಕಚೇರಿಗೆ ಹೋಗಿ ಮನೆಗೆ ಬೇರೆ ಮೀಟರ್ ಹಾಕಿಸಿಕೊಳ್ಳುವುದೇ ದಾರಿ.

ಶಾಲೆಯ ಕಷ್ಟ ಬಾಸೆಲ್ ಕಾಲದಷ್ಟಿಲ್ಲ, ಆದರೆ ತೀರಿಲ್ಲ. ಅಮೆರಿಕದ ಮಿಶನರಿಗಳ ಮಕ್ಕಳಿಗೆಂದು 1901ರಲ್ಲಿ ಕೊಡೈಕನಾಲ್‌ನಲ್ಲಿ ಶಾಲೆ ತೆರೆದರು. ಇಂದು ಅದು ಶ್ರೀಮಂತರ ಶಾಲೆ. ಭಾರತೀಯ ಮಿಶನ್ ಸಂಘಗಳು ತಮ್ಮವರ ಮಕ್ಕಳಿಗೆ ತಮಿಳುನಾಡಿನಲ್ಲಿ ವಸತಿ ಶಾಲೆ ನಡೆಸುತ್ತವೆ. ಹೀಗಾಗಿ ಇವತ್ತಿಗೂ ಅಪ್ಪ-ಅಮ್ಮ ಇಲ್ಲಿ, ಮಗಳು ರೈಲಿನ ಒಂದು ರಾತ್ರಿ ದೂರದಲ್ಲಿ. ಕಾಗದದ ಬದಲು ಭಾನುವಾರ ಸಂಜೆಯ ವಿಡಿಯೊ ಕಾಲ್. ಮಕ್ಕಳನ್ನು ಜೊತೆಗೇ ಇಟ್ಟುಕೊಂಡವರಿಗೆ ಟಿಸಿ ಹಿಡಿದು ಅಲೆಯುವ ಕೆಲಸ. ಹಾವೇರಿಯಲ್ಲಿ ಕನ್ನಡ ಮಾಧ್ಯಮ, ಹುಬ್ಬಳ್ಳಿಗೆ ಬಂದರೆ ಇಂಗ್ಲಿಷ್, ಗದಗಿಗೆ ಹೋದರೆ ಸೀಟೇ ಇಲ್ಲ. ಡೊನೇಶನ್ ಕಟ್ಟಲಾಗದೆ ಸಭೆಯ ಹಿರಿಯರ ಮುಂದೆ ನಿಲ್ಲುವುದು ಅಪ್ಪನಿಗೆ, ಹೊಸ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವುದು ಮಗನಿಗೆ.

ಹೆಂಡತಿಯ ನೌಕರಿಯ ಬಗ್ಗೆ ಯಾರೂ ಲೆಕ್ಕ ಹಾಕುವುದಿಲ್ಲ. ನರ್ಸಿಂಗ್ ಓದಿದವರು, ಬಿ.ಇಡಿ ಮಾಡಿದವರು ಇದ್ದಾರೆ. ಮೂರು ವರ್ಷಕ್ಕೊಂದು ಊರು ಅಂದರೆ ಖಾಸಗಿ ಶಾಲೆಯಲ್ಲಿ ಪ್ರತಿ ಸಲ ಕೆಳಗಿನ ಸಂಬಳದಿಂದ ಶುರು. ಮುಂಬಡ್ತಿ ಇಲ್ಲ, ಗ್ರಾಚ್ಯುಟಿಗೆ ಬೇಕಾದ ಐದು ವರ್ಷದ ಸೇವೆ ಆಗುವುದೇ ಇಲ್ಲ. ಭಾನುವಾರ ಶಾಲೆ, ಮಹಿಳಾ ಕೂಟ, ರೋಗಿಗಳ ಭೇಟಿ ಎಲ್ಲಾ ಮಾಡುವವಳೂ ಅವಳೇ, ಅದಕ್ಕೆ ಸಂಬಳ ಇಲ್ಲ. ಒಬ್ಬರಿಗೆ ಕೊಟ್ಟು ಇಬ್ಬರನ್ನು ದುಡಿಸಿಕೊಳ್ಳುವ ಈ ಪದ್ಧತಿಗೆ 'ಸೇವೆ' ಎಂಬ ಹೆಸರಿಟ್ಟರೆ ಲೆಕ್ಕ ಸರಿಹೋಗುವುದಿಲ್ಲ, ಅಲ್ವಾ?

ಅರವತ್ತರ ನಂತರ

ಮೂವತ್ತು ವರ್ಷ ಸಭೆಯ ಮನೆಯಲ್ಲಿದ್ದವರು ಬಾಡಿಗೆ ಕಟ್ಟಿಲ್ಲ, ನಿಜ. ಆದರೆ ಮನೆ ಬಾಡಿಗೆಯ ಭತ್ಯೆಯೂ ಕೈಗೆ ಬಂದಿಲ್ಲ. ಅಷ್ಟೇ ಸಂಬಳದ ಒಬ್ಬ ಮಾಸ್ತರರು ನಲವತ್ತರ ವಯಸ್ಸಿಗೆ ಗೃಹಸಾಲ ಎತ್ತಿ, ಅರವತ್ತಕ್ಕೆ ಕಂತು ತೀರಿಸಿ, ಅಂಗಳದಲ್ಲಿ ತುಳಸಿಯೋ ಕರಿಬೇವೋ ನೆಟ್ಟುಕೊಂಡಿರುತ್ತಾರೆ. ಸಭಾಪಾಲಕರಿಗೆ ಬ್ಯಾಂಕು ಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ. ಸ್ವತಂತ್ರ ಸಭೆಯವರಿಗಂತೂ ಸಂಬಳ ಚೀಟಿಯೇ ಇಲ್ಲ. ಮನೆ ಇದೆಯಲ್ಲ ಎಂಬ ಧೈರ್ಯದಲ್ಲಿ ವರ್ಷಗಳು ಉರುಳುತ್ತವೆ. ನಿವೃತ್ತಿಯ ಕಾಗದ ಬಂದ ದಿನ ಹೊಸ ಸಭಾಪಾಲಕರ ಸಾಮಾನು ಗೇಟಿನ ಹತ್ತಿರ ಬಂದಿರುತ್ತದೆ. ಹೆಚ್ಚಿನವರು ಮಗನ ಮನೆಗೆ ಹೋಗುತ್ತಾರೆ, ಇಲ್ಲವೇ ಎಂದೋ ಬಿಟ್ಟುಬಂದ ಊರಲ್ಲಿ ಬಾಡಿಗೆಗೆ ಎರಡು ಕೋಣೆ ಹುಡುಕುತ್ತಾರೆ. ಗಂಡ ನಡುವೆಯೇ ಹೋದರೆ ಹೆಂಡತಿಗೆ ಆ ಪ್ರಶ್ನೆ ತಿಥಿ ಮುಗಿಯುವ ಮೊದಲೇ ಎದುರಾಗುತ್ತದೆ. ವೈಗಲ್ ಹೆಂಡತಿಯ ಕಾಲಕ್ಕೂ ಈಗಿನ ಕಾಲಕ್ಕೂ ಇದರಲ್ಲಿ ದೊಡ್ಡ ಫರಕು ಆಗಿಲ್ಲ.

ದಾರಿ ಇಲ್ಲವೆಂದಲ್ಲ. ಸಭೆಗಳು ಮಾಡಬಹುದಾದ ಮೊದಲ ಕೆಲಸ, ಮನೆ ಕೊಡುವುದರ ಜೊತೆಗೆ ತಿಂಗಳಿಗೆ ಒಂದು ಮೊತ್ತವನ್ನು ಆ ಕುಟುಂಬದ ಮುಂದಿನ ಮನೆಗೆಂದೇ ಬೇರೆ ಖಾತೆಗೆ ಹಾಕುವುದು. ಸಂಸಾರಗಳು ತಾವಾಗಿ ಮಾಡಬಹುದಾದದ್ದೂ ಇದೆ. ಅಟಲ್ ಪಿಂಚಣಿ ಯೋಜನೆಗೆ 18ರಿಂದ 40ರ ಒಳಗಿನವರು ಸೇರಬಹುದು. ಅರವತ್ತರ ನಂತರ ತಿಂಗಳಿಗೆ 1000ದಿಂದ 5000 ರೂಪಾಯಿ ತನಕ ಬರುತ್ತದೆ. ಆದಾಯ ತೆರಿಗೆ ಕಟ್ಟುವವರಿಗೆ 2022ರ ಅಕ್ಟೋಬರ್‌ನಿಂದ ಅದರಲ್ಲಿ ಅವಕಾಶವಿಲ್ಲ, ಅಂಥವರಿಗೆ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಇದೆ. ಗಂಡ-ಹೆಂಡತಿ ಇಬ್ಬರೂ ಬೇರೆಬೇರೆಯಾಗಿ ಸೇರಬೇಕು, ಒಬ್ಬರದು ಸಾಕು ಅಂತ ಬಿಡಬಾರದು.

ಪ್ಲಾಟು ಕೊಳ್ಳುವ ಶಕ್ತಿ ಬಂದರೆ ಯಾವ ಊರಲ್ಲಿ ಎಂಬುದನ್ನು ಮೊದಲು ತೀರ್ಮಾನಿಸಿ. ಈಗ ಕೆಲಸ ಇರುವ ಊರಲ್ಲಿ ಅಲ್ಲ, ಮುಪ್ಪಿನಲ್ಲಿ ಆಸ್ಪತ್ರೆ ಮತ್ತು ಬಂಧುಗಳು ಹತ್ತಿರವಿರುವ ಊರಲ್ಲಿ. ಗುಂಟೆ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗದ ಜಮೀನಿಗೆ ದುಡ್ಡು ಹಾಕಿದರೆ ಮುಂದೆ ಮನೆ ಕಟ್ಟಲು ಪರವಾನಗಿಯೂ ಸಿಗುವುದಿಲ್ಲ, ಸಾಲವೂ ಸಿಗುವುದಿಲ್ಲ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತು, ನಗರವಾದರೆ ಇ-ಖಾತೆ ಕೈಗೆ ಬಂದ ಮೇಲೇ ಮುಂಗಡ ಕೊಡಿ. ನೋಂದಣಿ ಇಬ್ಬರ ಹೆಸರಿನಲ್ಲೂ ಇರಲಿ. ಮುದ್ರಾಂಕ ಶುಲ್ಕ ಆಸ್ತಿಯ ಬೆಲೆಯ ಮೇಲೆ ಬೀಳುತ್ತದೆ, ಇನ್ನೊಂದು ಹೆಸರು ಸೇರಿಸಿದ್ದಕ್ಕೆ ಜಾಸ್ತಿಯಾಗುವುದಿಲ್ಲ.